ಬೌದ್ಧ ಎಂದೇ ಬರೆಸಿದ ತಾತೋಬಾ

ತಾತೋಬಾ ಇಚಲಕರಂಜಿಯ ಸೈಜಿಂಗ್ ಶೆಡ್ಡಿನಲ್ಲಿ ನೂಲಿಗೆ ಹಾಕುವ ಗಂಜಿ ಕುದಿಸುತ್ತಿದ್ದ. ಸುಳಕೂಡ ಎಂಬ ಹಳ್ಳಿಯಿಂದ ಬಂದವನು. ಎಷ್ಟು ಮಿಂದರೂ ಮೈಯ ಗಂಜಿ ವಾಸನೆ ಹೋಗುತ್ತಿರಲಿಲ್ಲ. ಓಣಿಯವರೊಡನೆ ಬೌದ್ಧ ದೀಕ್ಷೆ ತಗೊಂಡು ಬಂದ ದಿನ ಗೂಡಿನ ದೇವರನ್ನು ತಾನೇ ಎತ್ತಿ ಹೊಳೆಗೆ ಬಿಟ್ಟ. ಹೆಂಡತಿ ಕಲ್ಲವ್ವ ಎರಡು ದಿನ ಮಾತು ಬಿಟ್ಟಳು. ಆಮೇಲೆ ತಾನೂ ಬೌದ್ಧಳಾದಳು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಮಗಳು ಶೆವಂತಾ ಮ್ಯಾಟ್ರಿಕ್ ಪಾಸಾದಳು. ಮೂವರೂ ಕೊಲ್ಹಾಪುರದ ಕಾಲೇಜಿಗೆ ಹೋದರು. ಕಾರಕೂನ ಪದ್ಮಕುಮಾರ ಕೆಟ್ಟವನಲ್ಲ, ಬಿಡಿಸಿ ಹೇಳಿದ. ಹಳೆಯ ಜಾತಿ ಬರೆದರೆ ಸರಕಾರದ ಶಿಷ್ಯವೇತನ ಪೂರಾ ಸಿಗುತ್ತದೆ, ತಿರುಗಿ ಕೊಡಬೇಕಿಲ್ಲ. ಬೌದ್ಧ ಎಂದರೆ, ಧರ್ಮ ಬದಲಿಸಿದವರೆಂದು ಅದು ಇಲ್ಲ. ಆಗ ಕಾಲೇಜಿನ ಬಡವರ ಫಂಡೇ ಗತಿ. ಅರ್ಧ ಫೀ ಮಾಫಿ, ಅರ್ಧ ಸಾಲ, ಸಾಲಕ್ಕೆ ಜಾಮೀನು.

“ಕಾಗದದಾಗ ಹಳೇದು ಬರೀರಿ. ಮನ್ಯಾಗ ಏನರ ಆಗ್ರಿ, ಯಾರ ನೋಡಾಕ ಬರ್ತಾರ?” ಎಂದ.

ಕಲ್ಲವ್ವನಿಗೆ ಮಾತು ಸರಿ ಅನ್ನಿಸಿತು. ಗಂಡನ ಮುಖ ನೋಡಿದಳು.

“ಅದನ್ನ ಬಿಡಾಕ ನನಗ ನಲವತ್ತು ವರ್ಷ ಹಿಡದಾವ್ರಿ ಸಾಹೇಬ್ರ,” ಎಂದ ತಾತೋಬಾ. “ಫೀ ಸಲುವಾಗಿ ತಿರುಗಿ ಹೊತ್ಗೊಳ್ಳಂಗಿಲ್ಲ.”

ಮಗಳ ಕೈಗೆ ಲೇಖನಿ ಕೊಟ್ಟ. ಶೆವಂತಾ ಬೌದ್ಧ ಎಂದು ಬರೆದಳು.

ಜಾಮೀನಿಗೆ ಸುಳಕೂಡದ ಅಣ್ಣ ಧೊಂಡಿಬಾನೇ ಆಗಬೇಕಿತ್ತು, ಅವನಿಗೆ ತುಸು ಹೊಲ ಇತ್ತು. ಅವನು ಹಳೆಯ ದೇವರನ್ನು ಬಿಟ್ಟವನಲ್ಲ. ತಾತೋಬಾ ಊರಿಗೆ ಹೋಗಿ ಕೇಳಿದ.

“ದೇವರನ್ನ ಬಿಟ್ಟಿ, ಸರಕಾರದ ರೊಕ್ಕಾನೂ ಬಿಟ್ಟಿ. ಇನ್ನ ಹೆಂಡತಿ ಒಬ್ಬಾಕಿ ಉಳದಾಳ ನೋಡ,” ಎಂದು ನಕ್ಕ. ನಕ್ಕು ಮುಗಿದ ಮೇಲೆ ಬಸ್ಸು ಹತ್ತಿ ಕಾಲೇಜಿಗೆ ಬಂದು ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.

ಶೆವಂತಾ ಓದಿದಳು. ಗಡಹಿಂಗ್ಲಜದಲ್ಲಿ ಮಾಸ್ತರಿಣಿಯಾದಳು. ಅಷ್ಟರಲ್ಲಿ ರಾಜ್ಯ ಸರಕಾರ ಬೌದ್ಧರಿಗೂ ಸವಲತ್ತು ಕೊಟ್ಟಿತು, ಆದರೆ ಇವರ ಹಳೆಯ ಸಾಲ ಹಾಗೇ ಉಳಿಯಿತು. ಕಂತನ್ನು ತಾತೋಬಾನೇ ಕಟ್ಟುತ್ತಿದ್ದ. ಮಗಳು ನಾನು ಕಟ್ಟುತ್ತೇನೆ ಎಂದರೆ ಬೈಯುತ್ತಿದ್ದ.

ಅರವತ್ತನಾಲ್ಕರ ಮಳೆಗಾಲದಲ್ಲಿ ತಾತೋಬಾ ಗಂಜಿಯ ಕಡಾಯಿಯ ಬದಿಗೇ ಕುಸಿದು ಸತ್ತ. ಕಡೆಯ ಕಂತು ಬಾಕಿ ಇತ್ತು.

ಕಲ್ಲವ್ವ ರೊಕ್ಕ ಸೆರಗಿಗೆ ಕಟ್ಟಿಕೊಂಡು ಕೊಲ್ಹಾಪುರಕ್ಕೆ ಹೋದಳು. ಪದ್ಮಕುಮಾರನ ತಲೆ ನರೆತಿತ್ತು. ತೀರಿಕೊಂಡವರ ಬಾಕಿಯನ್ನು ಫಂಡು ಬಿಟ್ಟುಕೊಡುತ್ತದೆ, ಒಂದು ಅರ್ಜಿ ಸಾಕು, ನಾನೇ ಬರೆದುಕೊಡುತ್ತೇನೆ ಎಂದ.

“ಬ್ಯಾಡ್ರಿ,” ಎಂದಳು. ಗಂಟು ಬಿಚ್ಚಿ ರೊಕ್ಕ ಮೇಜಿನ ಮೇಲಿಟ್ಟಳು. “ಪಾವತಿ ಚೀಟಿ ಅವರ ಹೆಸರಿಗೇ ಹರೀರಿ. ದಿವಂಗತ ಅಂತ ಬರೀಬ್ಯಾಡ್ರಿ.”

ಅವನು ಬರೆದುಕೊಟ್ಟ. ಅವಳಿಗೆ ಓದಲು ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳಿಂದ ಓದಿಸಿದಳು. ದಿವಂಗತ ಎಂದು ಇರಲಿಲ್ಲ. ಆಮೇಲೆ ಬಸ್ಸು ಹತ್ತಿದಳು.