ಅಪ್ಪ ಆರಿಸಿದ ಕೇಬಲ್

ಸತ್ತು ವರ್ಷವಾಗುತ್ತ ಬಂದ ಅವ್ವ ಕಳೆದ ಭಾನುವಾರ ಮಟಮಟ ಮಧ್ಯಾಹ್ನ ನಮ್ಮ ಟಿವಿಯೊಳಗಿಂದ ಅಪ್ಪನನ್ನು ಕರೆದಳು. ಅಪ್ಪ ಎದ್ದು ಹೋದ.

ಗಾಬರಿಯಾಗಬೇಡಿ. ಇದು ಎಚ್‌ಡಿಎಂಐ ಕೇಬಲ್ ಕೊಂಡ ಕಥೆ. (ನನ್ನ ಗಾಬರಿ ಇನ್ನೂ ಇಳಿದಿಲ್ಲ, ಅದು ಬೇರೆ ಮಾತು.)

ಅಪ್ಪ ನಾರಾಯಣಪೇಟೆ ಸೀರೆ ನೇಯ್ದು ನೇಯ್ದು ಕಣ್ಣು ಸವೆಸಿಕೊಂಡವನು. ಆ ಭಾನುವಾರದ ಹಿಂದಿನ ದಿನ ನನ್ನ ಕೈ ಹಿಡಿದು, "ನಿಮ್ಮವ್ವನ ಮಾರಿ ಮರ್ತು ಹೊಂಟೈತೋ. ಒಮ್ಮಿ ತೋರ್ಸು" ಅಂದ. ಆ ಮುಖ ತೋರಿಸುವುದಾದರೂ ಎಲ್ಲಿಂದ? ಫೋಟೋ ಅಂದರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ ಅವ್ವನದು ಇರುವುದು ಒಂದೇ ವಿಡಿಯೋ, ಯುಗಾದಿಯದು. ಮೊಬೈಲಿನಲ್ಲಿ ಅಪ್ಪನಿಗೆ ಏನು ಕಂಡೀತು? ಲ್ಯಾಪ್‌ಟಾಪಿಗೆ ಇಳಿಸಿ ದೊಡ್ಡ ಟಿವಿಗೆ ಹಾಕೋಣವೆಂದು ಕೇಬಲ್ ತರಲು ಇಬ್ಬರೂ ಮಕ್ತಲ್ ಪೇಟೆಗೆ ಹೋದೆವು.

ಅಂಗಡಿಯವನು ಎರಡು ಇಟ್ಟ. ಒಂದು ಸಾದಾ ರಬ್ಬರಿನದು, ಎರಡು ಮೀಟರ್, ಮೇಲೆ ಹೈ ಸ್ಪೀಡ್ ಎಂದು ಬರೆದಿತ್ತು. ಇನ್ನೊಂದು ಐದು ಮೀಟರ್, ಮೈತುಂಬ ದಾರದ ಹೆಣಿಗೆ. ಅಪ್ಪ ಅದನ್ನು ಸೀರೆಯ ಅಂಚಿನಂತೆ ಬೆರಳಲ್ಲಿ ತಿಕ್ಕಿ ನೋಡಿದ.

"ಇದನ್ನ ತಗೋ. ನೇಯ್ಗಿ ಬಿಗಿ ಐತಿ."

"ತಾತಾ, ಮ್ಯಾಲಿನ ದಾರ ನೋಡಬ್ಯಾಡ್ರಿ. ಉದ್ದ ಭಾಳ ಆತು, ಇದ್ರಾಗ ಬೊಮ್ಮ ರಾದು, ಚಿತ್ರ ನಿಲ್ಲಂಗಿಲ್ರಿ" ಎಂದ ಅಂಗಡಿಯವನು, ತೆಲುಗು ಬೆರೆಸಿ.

"ಜನ್ಮಾ ಪೂರಾ ನೇಯ್ದೀನಿ, ನನಗ ಹೇಳ್ತೀಯಾ?"

ನೇಕಾರರ ಮನೆಯಲ್ಲಿ ಅಪ್ಪನ ಬೆರಳು ತೀರ್ಪು ಕೊಟ್ಟ ಮೇಲೆ ಅಪೀಲು ಉಂಟೇ?

ಮನೆಗೆ ಬಂದು ಹಚ್ಚಿದೆ. ಪರದೆ ಎರಡು ಸಲ ಮಿನುಗಿ ಕಪ್ಪಾಯಿತು. ದನಿ ಮಾತ್ರ ಬಂತು. ಮೊದಲು ಮಗ್ಗದ ಸದ್ದು. ತಿರುಗಿ ನೋಡಿದೆ, ಮೂಲೆಯ ಮಗ್ಗ ಸುಮ್ಮನೆ ನಿಂತಿತ್ತು. ಆಮೇಲೆ ಅವ್ವ.

"ರೀ, ಎಲ್ಲಿ ಕುಂತೀರಿ? ಇಲ್ಲೇ ಬರ್ರಿ, ನನ್ನ ಬಾಜೂಕ."

ಅಪ್ಪ "ಬಂದೆ" ಎನ್ನುತ್ತ ಎದ್ದು, ಗೋಡೆ ಹಿಡಿದು ನಡೆದು, ಆ ಕಪ್ಪು ಗಾಜಿಗೆ ಕೆನ್ನೆ ಹಚ್ಚಿ ನಿಂತ. ನಗುತ್ತಿದ್ದ.

"ಮೊದಲ ಆ ವಯರ್ ಕೀಳ್ರೀ!" ಎಂದು ನನ್ನ ಹೆಂಡತಿ ಕೂಗಿಕೊಂಡಳು. ಕಿತ್ತೆ.

ಮರುದಿನ ಓಡಿಹೋಗಿ ರಬ್ಬರಿನದನ್ನೇ ತಂದೆ. ಚಿತ್ರ ಅಂದರೆ ಚಿತ್ರ! ಅವ್ವನ ಮೂಗುತಿಯ ಹರಳೂ ಎಣಿಸುವಂತೆ ಕಾಣುತ್ತಿತ್ತು. ಅದೇ ದನಿ, ಅದೇ ಕರೆ. ಅಪ್ಪ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ದನಿ ಅಕೀದ ಐತಿ. ಮಾರಿ ಯಾರದ್ ಹಚ್ಚೀಯೋ? ನಿನ್ನೀ ವಯರ್ ಹಾಕು, ಅಕಿ ಕಾಯಾಕತ್ತಾಳ."

ಎರಡೂ ಕೇಬಲ್ ನನ್ನ ಮುಂದಿವೆ. ಒಂದರಲ್ಲಿ ಮುಖ ಬರುತ್ತದೆ, ಇನ್ನೊಂದರಲ್ಲಿ ಅವ್ವ ಬರುತ್ತಾಳೆ. ನೀವಾಗಿದ್ದರೆ ಯಾವುದನ್ನು ಹಚ್ಚುತ್ತಿದ್ದಿರಿ?