ಎಳ್ಳಿನಷ್ಟು ಜೇಡ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಅಕ್ಕನನ್ನೂ ಅವಳ ಹೆಣ್ಣುಕೂಸನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಎಳ್ಳಮಾವಾಸ್ಯೆಗೆ ಮಾದನಹಿಪ್ಪರಗಾದ ನಮ್ಮ ಹೊಲಕ್ಕೆ ಹೋಗಿದ್ದೆವು. ಪೂಜೆಯ ಹೊತ್ತಿಗೆ ಅಕ್ಕ ಕೂಸನ್ನು ಬಂಡಿಯ ನೆರಳಲ್ಲಿ ಕೌದಿ ಹಾಸಿ ಮಲಗಿಸಿದಳು. ಜೋಳದ ಮೇಲೆಲ್ಲ ಬೆಳ್ಳನೆಯ ನೂಲು ತೇಲುತ್ತಿತ್ತು, ನೂಲಿನ ತುದಿಗೆ ಎಳ್ಳಿನಷ್ಟು ಜೇಡ. ಕೌದಿಗೂ ಕೆಲವು ಇಳಿದವು. ನಾನೇ ಊದಿ ಹಾರಿಸಿದೆ.

ಕೆಲವು ದಿನಗಳಲ್ಲಿ ಕೂಸಿನ ತೊಡೆಯಲ್ಲಿ ಗುಳ್ಳೆ ಎದ್ದವು. ನಮ್ಮ ಅಜ್ಜಿ, ಆಯಿ, ನೋಡಿದವಳೇ ಹೇಳಿದಳು: "ಮೈಮ್ಯಾಲ ಜ್ಯಾಡ ಹರದದ. ಮದ್ದು ಹಚ್ಚಿದ್ರ ಹೋಗ್ತದ." ಬೇರು ಅರೆದು ಬೂದಿ ಕಲಸಿ ಹಚ್ಚಿದಳು. ಗುಳ್ಳೆ ಒಡೆದು ಕೀವಾಯಿತು.

"ಆಯಿ, ಮೈ ಸುಡಾಕತ್ತದ. ಆಳಂದ ದವಾಖಾನಿಗೆ ಒಯ್ತೇನಿ," ಅಂದಳು ಅಕ್ಕ.

"ಹುಳ ಹರದದ್ದಕ್ಕ ಡಾಕ್ಟರ ಏನ್ ಮಾಡ್ತಾನ ಬೇ?"

ಅಪ್ಪ ಬಂಡಿ ಕಟ್ಟುವ ಹೊತ್ತಿಗೆ ಕೂಸು ಹಾಲು ಬಿಟ್ಟಿತ್ತು. "ಕೀವು ರಕ್ತಕ್ಕ ಏರ್ಯಾದ. ತಡಾ ಮಾಡೀರಿ," ಅಂದರು ಆಳಂದದ ಡಾಕ್ಟರು.

"ಎಳ್ಳಿನಷ್ಟು ಜ್ಯಾಡ ಹರದಿದ್ವು, ಅದರಿಂದಲ್ಲೇನ್ರಿ?" ಅಪ್ಪ ಕೇಳಿದರು.

"ಅಷ್ಟು ಸಣ್ಣ ಜ್ಯಾಡಕ್ಕ ಮನಿಷ್ಯಾರ ತೊಗಲು ಕಚ್ಚಾಕ ಆಗಂಗಿಲ್ರಿ."

ಮರಳುವ ದಾರಿಯಲ್ಲಿ, ಅಕ್ಕನ ತೊಡೆಯ ಮೇಲೆಯೇ ಕೂಸು ತೀರಿಕೊಂಡಿತು.

ಸುದ್ದಿ ಕೇಳಿ ಜೇವರ್ಗಿಯಿಂದ ಭಾವ ಬಂದರು. ಡಾಕ್ಟರು ಹೇಳಿದ್ದನ್ನು ಅಪ್ಪ ತಿಳಿಸಿದರೂ ನಂಬಲಿಲ್ಲ. "ಹುಳದ ನಡುವ ಕೂಸಿನ್ನ ಹಾಕಿ ಕುಂತಾಕಿ ತಾಯೇನ್ರಿ?" ಅಂದರು.

ಅಕ್ಕ ಎದ್ದು ಹೊಲಕ್ಕೆ ಹೋದಳು. ನಾನೂ ಹಿಂದೆ ಓಡಿದೆ. ಜೋಳದ ಗರಿಗಳನ್ನು ಸೆರಗಿಗೆ ಕೊಡವಿ ಜೇಡಗಳನ್ನು ತಂದಳು. ಎಲ್ಲವೂ ಒಂದೇ ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಕೆಲವು ಕೆಂಗಾಲಿನವು, ಕೆಲವಕ್ಕೆ ತಲೆಯೇ ಗೂನಿನಂತೆ ಉಬ್ಬಿತ್ತು; ಒಂದೇ ಕುಲದ ಬೇರೆ ಬೇರೆ ಜಾತಿಯವು. ಭಾವನ ಎದುರು ಕೂತು ಅವನ್ನು ತನ್ನ ಬರಿಗೈ ಮೇಲೆ ಸುರಿದುಕೊಂಡಳು.

"ನೋಡ್ರಿ. ಎಲ್ಲಿ ಕಚ್ಚ್ಯಾವ, ತೋರಿಸ್ರಿ."

ಜೇಡಗಳು ಮೊಣಕೈತನಕ ಹರಿದಾಡಿ, ನೂಲು ಬಿಟ್ಟು ನೆಲಕ್ಕಿಳಿದವು. ಕೈಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ಭಾವ ರುಮಾಲು ಸುತ್ತಿಕೊಂಡು ಹೊರಟುಹೋದರು. ಸುಗ್ಗಿ ಮುಗಿಯುವಷ್ಟರಲ್ಲಿ ಬೇರೆ ಮದುವೆ ಮಾಡಿಕೊಂಡರೆಂದು ತಿಳಿಯಿತು.

ಅಕ್ಕ ನಮ್ಮಲ್ಲೇ ಉಳಿದಳು. ಆಯಿ ಹಾಸಿಗೆ ಹಿಡಿದಾಗ ಅವಳೇ ಮೈ ತೊಳೆದು ಗಂಜಿ ಕುಡಿಸಿದಳು. ಒಂದು ಮಧ್ಯಾಹ್ನ ಆಯಿ ಅವಳ ಕೈ ಹಿಡಿದು ಕೇಳಿದಳು: "ನನ್ನಿಂದಾನ ಆತೇನ್ ಬೇ?"

"ಸುಮ್ನ ಮಲಕೊ ಆಯಿ," ಎಂದು ಅಕ್ಕ ಕೈ ಬಿಡಿಸಿಕೊಂಡಳು. ಇಲ್ಲ ಎಂದು ಮಾತ್ರ ಹೇಳಲಿಲ್ಲ.