ಹೊಳೆಯಬಾರದ ಗಿಡಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಆ ವರ್ಷ ಅದೊಂದು ಇಲ್ಲದಿದ್ದರೆ ಅತ್ತಿಬೆಲೆಯ ನಮ್ಮ ಹೊಗೆಸೊಪ್ಪಿನ ಗಿಡಗಳೆಲ್ಲ ಬೂದಿಯಾಗುತ್ತಿದ್ದವು. ಜೊತೆಗೆ ಇಷ್ಟು ವರ್ಷ ನಿಯತ್ತಾಗಿ ದುಡಿದು ಸಂಪಾದಿಸಿದ ನನ್ನ ಹೆಸರೂ.

ನಾನು ಕೆಲಸ ಮಾಡುವುದು ಸಸ್ಯಗಳ ಮೇಲೆ ಸಂಶೋಧನೆ ನಡೆಸುವ ಒಂದು ಕಂಪನಿಯಲ್ಲಿ. ಕಚೇರಿ ವೈಟ್‌ಫೀಲ್ಡಿನಲ್ಲಿ, ಗಿಡಗಳು ಮಾತ್ರ ಅತ್ತಿಬೆಲೆಯಲ್ಲಿ, ಕಾರ್ಖಾನೆಗಳ ನಡುವಿನ ಒಂದು ತುಂಡು ಜಾಗದಲ್ಲಿ. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಗಾಜಿನ ಮನೆಗಳಿವೆ. ಒಂದರಲ್ಲಿ ಕುಲಾಂತರಿ ಹೊಗೆಸೊಪ್ಪು, ಇನ್ನೊಂದರಲ್ಲಿ ಮಾಮೂಲಿ ಹೊಗೆಸೊಪ್ಪು. ಬರಿಗಣ್ಣಿಗೆ ಎರಡೂ ಒಂದೇ. ಆದರೆ ಕುಲಾಂತರಿ ಗಿಡದೊಳಗೆ ಸಮುದ್ರದ ಜೆಲ್ಲಿಮೀನಿನ ಒಂದು ಜೀನ್ ಸೇರಿಸಿದ್ದೆವು. ಕತ್ತಲಾದ ಮೇಲೆ ನೀಲಿ ಬೆಳಕು ಬಿಟ್ಟರೆ ಅದು ಹಸಿರಾಗಿ ಹೊಳೆಯುತ್ತದೆ. ನೀರಿನ ಟ್ಯಾಂಕಿನ ಕಂಬದ ಮೇಲೆ ಆ ವರ್ಷವಷ್ಟೇ ಕೂರಿಸಿದ ಕ್ಯಾಮೆರಾ ಆ ಹೊಳಪನ್ನು ದೂರದಿಂದಲೇ ಹಿಡಿಯುತ್ತದೆ, ಚಿತ್ರ ನೇರ ವೈಟ್‌ಫೀಲ್ಡಿನ ಪರದೆಗೆ ಹೋಗುತ್ತದೆ. ಕುಲಾಂತರಿ ಗಿಡ ಎಲ್ಲಾದರೂ ಮಾಮೂಲಿ ಗಿಡದ ನಡುವೆ ಸೇರಿಕೊಂಡರೆ ದೂರದಿಂದಲೇ ಪತ್ತೆ ಹಚ್ಚುವುದು ನಮ್ಮ ಉದ್ದೇಶ. ಬೀಜ ಮೊಳೆಸಿದ್ದರಿಂದ ಹಿಡಿದು ಕುಂಡಕ್ಕೆ ಇಳಿಸುವವರೆಗೆ ಎಲ್ಲ ನನ್ನ ಕೈಯಲ್ಲೇ ಆಗಿತ್ತು.

ನಮ್ಮಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಆಯುಧ ಪೂಜೆಯ ದಿನ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ, ಹಾರ ಹಾಕಿಸಿಕೊಂಡ ತಮ್ಮ ಲೇಥನ್ನು ಮದುಮಗನನ್ನು ತೋರಿಸುವಂತೆ ತೋರಿಸುತ್ತಿದ್ದರು. ಆ ಚಟ ನನಗೂ ಬಂದಿದೆ. ಹಾಗಾಗಿ ಅತ್ತಿಬೆಲೆಯಲ್ಲಿ ಪ್ರತಿವರ್ಷ ನಾನೂ, ಗಿಡಗಳಿಗೆ ನೀರು ಬಿಡುವ ಅಕ್ಕನೂ ಸೇರಿ ಪೂಜೆ ಮಾಡುತ್ತೇವೆ. ಕುಂಬಳಕಾಯಿ ಒಡೆದು, ಪಂಪಿಗೆ ಕುಂಕುಮ ಇಟ್ಟು, ಮಾವಿನ ಸೊಪ್ಪಿನಲ್ಲಿ ಗಿಡಗಳಿಗೂ ಅರಿಶಿನದ ನೀರು ಚಿಮುಕಿಸುತ್ತೇವೆ. ಕುಲಾಂತರಿ ಮನೆಯೊಳಗೆ ಹೊರಗಿನ ವಸ್ತು ಒಯ್ಯುವಂತಿಲ್ಲ, ಅದಕ್ಕೆ ಆ ವರ್ಷವೂ ಬಾಗಿಲಾಚೆಯಿಂದಲೇ ಊದುಬತ್ತಿ ಬೆಳಗಿದೆವು. ಮಾಮೂಲಿ ಮನೆಗೆ ಮಾತ್ರ ಸಾಂಗವಾಗಿ ಆಯಿತು.

ಹಬ್ಬದ ರಜೆ ಕಳೆದು ಮೊದಲ ಸಲ ಚಿತ್ರ ತೆಗೆದ ಮರುದಿನ ಬೆಳಗ್ಗೆ ನಮ್ಮ ಮ್ಯಾನೇಜರ್ ಫೋನ್ ಮಾಡಿದರು. ಗಿಡ ನೋಡಲು ಅತ್ತಿಬೆಲೆಗೆ ಒಮ್ಮೆಯೂ ಬಾರದ ಮಹಾನುಭಾವರು.

"ಏನಮ್ಮಾ ಇದು, ಮಾಮೂಲಿ ಮನೇಲೂ ಗಿಡ ಹೊಳೀತಿದೆಯಲ್ಲಾ? ಕುಂಡಕ್ಕೆ ಇಳಿಸುವಾಗ ಸಸಿ ಬೆರೆಸಿಬಿಟ್ಟಿದೀಯ."

"ಬೆರೆಸಿಲ್ಲ ಸಾರ್."

"ಕ್ಯಾಮೆರಾ ಸುಳ್ಳು ಹೇಳುತ್ತಾ?"

"ನಾನು ಹೇಳ್ತೀನಾ ಸಾರ್? ಎಲೆ ಪರೀಕ್ಷೆಗೆ ಕಳಿಸೋಣ."

ಪರೀಕ್ಷೆಗೆ ಒಂದು ವಾರ ಬೇಕು, ಹಣ ಹಾಕಿದವರು ಅಷ್ಟರೊಳಗೆ ನೋಡಲು ಬರುತ್ತಾರೆ, ಅಷ್ಟು ಪುರುಸೊತ್ತಿಲ್ಲ ಎಂದರು. ಸಂಜೆ ಟೆಂಪೋ ಬರುತ್ತದೆ, ಎರಡೂ ಮನೆಯ ಗಿಡ ಕಿತ್ತು ಸುಡಿಸು ಎಂದರು. ನನ್ನ ಅಜಾಗರೂಕತೆಯಿಂದ ಸಸಿ ಬೆರೆತಿವೆ ಎಂಬ ವರದಿ ಆಗಲೇ ಮೇಲಿನವರಿಗೆ ಹೋಗಿಯೂ ಆಗಿತ್ತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಒಂದೆಲೆ ಮುಟ್ಟಕ್ಕೂ ಬಿಡಲ್ಲ ಸಾರ್," ಎಂದು ಫೋನ್ ಇಟ್ಟೆ. ಎರಡೂ ಮನೆಗೆ ಬೀಗ ಜಡಿದು ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನೀರು ಬಿಡುವ ಅಕ್ಕ ಗಾಬರಿಯಾದಳು. "ಇಂಗ್ ಮಾಡುದ್ರೆ ಕೆಲ್ಸುಕ್ಕೆ ಸಂಚಕಾರ ಅಲ್ವಾ ಮೇಡಂ?"

"ಬಂದ್ರೆ ಬರ್ಲಿ. ಮಾಡದೇ ಇರೋ ತಪ್ಪನ್ನ ತಲೆ ಮೇಲೆ ಹೊತ್ಕೊಂಡು ಹೋಗಲ್ಲ ನಾನು."

ಬಾಯಲ್ಲಿ ಹಾಗಂದರೂ ಒಳಗೊಳಗೆ ಹೆದರಿಕೆಯಿತ್ತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಅವರು ಕಳಿಸಿದ ಚಿತ್ರವನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದೆ. ಅಷ್ಟು ದೂರದಿಂದ ತೆಗೆದದ್ದು, ಒಂದು ಗಿಡವೆಂದರೆ ಒಂದು ಹಸಿರು ಚುಕ್ಕೆ ಅಷ್ಟೆ. ಆದರೆ ಚುಕ್ಕೆಗಳು ಬಾಗಿಲ ಹತ್ತಿರ ಪ್ರಖರವಾಗಿದ್ದವು, ಒಳಗೆ ಹೋದಂತೆ ಮಂಕಾಗುತ್ತಿದ್ದವು, ಹಿಂದಿನ ಸಾಲು ಪೂರ್ತಿ ಕಪ್ಪು. ಸಸಿ ಬೆರೆತಿದ್ದರೆ ಹೀಗೆ ಬಾಗಿಲಿಂದ ಕ್ರಮವಾಗಿ ಕಡಿಮೆಯಾಗುತ್ತಾ ಹೋಗುವುದು ಹೇಗೆ? ಪೂಜೆಯ ದಿನ ಹೀಗೇ ಬಾಗಿಲಿಂದ ಒಳಗೆ ನಡೆದವಳು ನಾನು. ಹಿಂದಿನ ಸಾಲು ತಲುಪುವಷ್ಟರಲ್ಲಿ ಚೊಂಬಿನಲ್ಲಿ ನೀರು ಮುಗಿದಿತ್ತು.

ಎದ್ದು ಒಳಗೆ ಹೋಗಿ ಬಾಗಿಲ ಬಳಿಯ ಗಿಡದ ಎಲೆ ಮುಟ್ಟಿದೆ. ಹೊಗೆಸೊಪ್ಪಿನ ಎಲೆ ಅಂಟಂಟು, ಬಿದ್ದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ನೀರು ಬುಡಕ್ಕೆ ಮಾತ್ರ ಹನಿಯುವುದರಿಂದ ಎಲೆ ತೊಳೆದೂ ಇರಲಿಲ್ಲ. ಬೆರಳ ತುದಿ ಹಳದಿಯಾಯಿತು. ಅರಿಶಿನ. ನೀಲಿ ಬೆಳಕು ಬಿದ್ದರೆ ಅರಿಶಿನವೂ ಹೊಳೆಯುತ್ತದೆ ಎಂದು ಓದಿದ್ದು ಆಗ ನೆನಪಾಯಿತು. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಟೆಂಪೋದವನನ್ನು ಟೀ ಕುಡಿದು ಬಾ ಎಂದು ಕಳಿಸಿ, ಕತ್ತಲಾಗುವುದನ್ನೇ ಕಾದೆ. ಪೂಜೆಯಲ್ಲಿ ಉಳಿದಿದ್ದ ಅರಿಶಿನವನ್ನು ಕಲಸಿ ಬಲಗೈಗೆ ಗಟ್ಟಿಯಾಗಿ ಬಳಿದುಕೊಂಡೆ. ನೀಲಿ ಬೆಳಕು ಕಣ್ಣಿಗೆ ಹೊಡೆಯದಂತೆ ಕಪ್ಪು ಕನ್ನಡಕ ಹಾಕಿ, ಕಪ್ಪಾಗಿ ಕಂಡಿದ್ದ ಆ ಹಿಂದಿನ ಸಾಲಿಗೇ ಹೋಗಿ ನಿಂತು ಫೋನ್ ಮಾಡಿದೆ.

"ಸಾರ್, ಲೈಟ್ ಹಾಕಿಸಿ, ಪರದೆ ನೋಡಿ. ಹಿಂದಿನ ಸಾಲು."

ನೀಲಿ ಬೆಳಕು ಬಿತ್ತು. ನಾನು ಕೈ ಮೇಲೆತ್ತಿದೆ.

"ಅದೇನದು ಹಸಿರಾಗಿ ಅಲ್ಲಾಡ್ತಿರೋದು?" ಎಂದರು.

"ನನ್ನ ಕೈ ಸಾರ್. ಕ್ಯಾಮೆರಾ ಸುಳ್ಳು ಹೇಳಲ್ಲ ಅಂದ್ರಲ್ಲಾ, ಹಂಗಾದ್ರೆ ನಾನೂ ಕುಲಾಂತರಿನೇ. ಟೆಂಪೋ ಇಲ್ಲೇ ಇದೆ, ನನ್ನನ್ನೂ ಸುಡಿಸಿ."

ಅರಿಶಿನದ ಕತೆಯನ್ನು ಪೂರ್ತಿ ಹೇಳಿದೆ. ಹೊಳೆದ ಗಿಡವೊಂದರ ಎಲೆಗಳನ್ನೆಲ್ಲ ಅಕ್ಕನಿಂದ ಒರೆಸಿಸಿ, ಆ ಚುಕ್ಕೆ ಕಪ್ಪಾಗುವುದನ್ನೂ ತೋರಿಸಿದೆ.

"ಸರಿ ಸರಿ, ಗೊತ್ತಾಯ್ತು. ಟೆಂಪೋ ವಾಪಸ್ ಕಳಿಸು. ಹೋಗಿ ಕೈ ತೊಳ್ಕೊಳ್ಳಮ್ಮಾ."

"ತೊಳ್ಕೊಳಲ್ಲ ಸಾರ್. ನನ್ನ ಮೇಲೆ ಕಳಿಸಿದೀರಲ್ಲಾ ವರದಿ, ಅದನ್ನ ವಾಪಸ್ ತಗೊಳ್ಳಿ. ಅಲ್ಲೀವರೆಗೂ ನಿಮ್ಮ ಪರದೆ ಮೇಲೆ ಈ ಕೈ ಇರುತ್ತೆ."

"ನಾಳೆ ಮಾಡಿದ್ರಾಯ್ತು."

"ನಾಳೆ ಅಲ್ಲ ಸಾರ್, ಈಗ."

ತೋಳು ನೋಯತೊಡಗಿತು. ಅಕ್ಕ ಸುಮ್ಮನೆ ಹತ್ತಿರ ಬಂದು ನನ್ನ ಮೊಣಕೈಗೆ ತನ್ನ ಕೈ ಆನಿಸಿ ನಿಂತಳು. ಫೋನಿನಲ್ಲಿ ಕೀಲಿಮಣೆ ಕುಟ್ಟುವ ಸದ್ದು ಕೇಳುತ್ತಿತ್ತು. ಕಳಿಸುವ ಮೊದಲು ಓದಿ ಹೇಳಿ ಎಂದೆ. ಓದಿದರು. "ಅಜಾಗರೂಕತೆ" ಎಂಬ ಮಾತನ್ನು ಹಿಂತೆಗೆದುಕೊಂಡಿದ್ದೇನೆ ಎಂಬ ಸಾಲನ್ನು ಇನ್ನೊಮ್ಮೆ ಓದಿಸಿದೆ. ಆಮೇಲೆ ಕೈ ಇಳಿಸಿದೆ.